ವಿದಾದಳ ಬೆನ್ನ ಹಿಂದೆ

ವಿದಾದ್ ತನ್ನ ಸಣ್ಣ ಕ್ಯಾಮೆರಾಗಳನ್ನು ಮಾರಿ ಆ ದೊಡ್ಡದನ್ನು ಮನೆಗೆ ತಂದಳಲ್ಲ, ಅವತ್ತಿನಿಂದ ನನಗೆ ಫೋಟೋ ಅಂದರೆ ವಾಕರಿಕೆ. ಸುಮ್ಮನೆ ಬಾಯಿಗೆ ಬಂದಂತೆ ಹೇಳುತ್ತಿಲ್ಲ. ಜೆದ್ದಾದಲ್ಲಿ ನಮ್ಮ ಹಿಂದಾವಿಯ್ಯ ಕೇರಿಯ ಯಾವ ಮದುವೆಮನೆಯಲ್ಲಿ ಬೇಕಾದರೂ ಕೇಳಿ ನೋಡಿ, ಮದುಮಗಳಿಗೆ ಉಡಿಸಿ ತೊಡಿಸುವವಳು ಹಯಾತ್, ಅಂದರೆ ನಾನು. ಫೋಟೋ ತೆಗೆಯುವವಳು ವಿದಾದ್. ಒಬ್ಬರ ಬೆವರು ಒಬ್ಬರಿಗೆ ಅಂಟಿಸಿಕೊಂಡು ಇಬ್ಬರೂ ಅದೇ ಮನೆಗಳಲ್ಲಿ ದುಡಿದು ತಲೆ ನರೆಸಿಕೊಂಡವರು. ಹಾಗಾಗಿ ಅವಳ ಕಥೆ ನಾನು ಹೇಳಬಹುದು.

ನಮ್ಮ ಹೆಂಗಸರ ಕೂಟದಲ್ಲಿ ಬಾಗಿಲಲ್ಲೇ ಒಬ್ಬಳು ಕೂತು ಬಂದವರ ಫೋನನ್ನೆಲ್ಲ ಚೀಲಕ್ಕೆ ಹಾಕಿಸಿಕೊಳ್ಳುತ್ತಾಳೆ. ಒಳಗೆ ಬಂದ ಮೇಲೆ ಮೈಮುಚ್ಚುವ ಅಬಾಯಾ ಒಂದು ಮೂಲೆಗೆ, ತಲೆವಸ್ತ್ರ ಅದರ ಮೇಲೆ. ಆಮೇಲೆ ನೋಡಬೇಕು ನಮ್ಮವರನ್ನು. ಮೂರು ಮಕ್ಕಳ ತಾಯಂದಿರು ಕೂದಲು ಬಿಚ್ಚಿ ಕುಣಿಯುತ್ತಾರೆ. ಅಲ್ಲಿ ಇರುವುದು ಒಂದೇ ಕ್ಯಾಮೆರಾ, ವಿದಾದಳದ್ದು. ಅದನ್ನು ಎತ್ತುವ ಮೊದಲು ಅವಳು ಪ್ರತಿ ಸಲ ಗಟ್ಟಿಯಾಗಿ ಹೇಳುತ್ತಿದ್ದಳು: "ಫೋಟೋ ಬೇಡ ಅನ್ನೋರು ನನ್ನ ಬೆನ್ನ ಹಿಂದೆ ಬನ್ನಿ. ನನ್ನ ಬೆನ್ನ ಹಿಂದೆ ಇದ್ದೋರನ್ನ ದೇವರು ಬಿಟ್ರೆ ಇನ್ಯಾರೂ ನೋಡಲ್ಲ." ಅರ್ಧ ಕೋಣೆ ನಗುತ್ತಾ ಅವಳ ಬೆನ್ನ ಹಿಂದೆ ಓಡುತ್ತಿತ್ತು. ಚಿತ್ರ ಅಚ್ಚಾಗಿ ಬಂದ ಮೇಲೆ ಮದುಮಗಳ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಬೆರಳಿನಿಂದಲೇ ಗುಂಡಿ ಒತ್ತಿಸಿ ಎಲ್ಲ ಅಳಿಸಿಹಾಕುತ್ತಿದ್ದಳು. ಅಷ್ಟು ವರ್ಷದಲ್ಲಿ ವಿದಾದಳ ಕಡೆಯಿಂದ ಒಬ್ಬ ಹೆಣ್ಣಿನ ಕೂದಲೆಳೆಯೂ ಹೊರಗಿನ ಗಂಡಸಿನ ಕಣ್ಣಿಗೆ ಬಿದ್ದಿರಲಿಲ್ಲ. ಗಂಡ ತಾಯಿಫಿನಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡು ಹೋದಮೇಲೆ ಅವಳಿಗೆ ಅನ್ನ ಹಾಕಿದ್ದು ಆ ಒಂದು ಮಾತು.

ಸಣ್ಣ ಕ್ಯಾಮೆರಾ ಇದ್ದಾಗ ಅವಳ ಗತ್ತೇ ಬೇರೆ. ಕುತ್ತಿಗೆಗೆ ಎರಡು ನೇತುಹಾಕಿಕೊಂಡು, ಕುಣಿಯುವವರ ನಡುವೆ ನುಗ್ಗಿ, ನೆಲಕ್ಕೆ ಬಗ್ಗಿ, ಸೋಫಾ ಹತ್ತಿ, ಯಾರದೋ ಮಗುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ತೆಗೆದುಬಿಡುತ್ತಿದ್ದಳು. ಚಿತ್ರ ಸ್ವಲ್ಪ ಮಸುಕಾಗಿರುತ್ತಿತ್ತು, ನಿಜ. ಆದರೆ ನೋಡಿದರೆ ಗಲಗಲ ಅನ್ನುವ ಸದ್ದು ಕೇಳಿಸುತ್ತಿತ್ತು. ಆಲ್ಬಮ್ಮಿಗೆ ಅಷ್ಟು ಸಾಕಾಗಿತ್ತು.

ಆಮೇಲೆ ಬಂತು ನೋಡಿ ಈ ಗೋಡೆಯಷ್ಟು ಚಿತ್ರದ ಹುಚ್ಚು. ಮುಖ ಬಿಟ್ಟು ಮೈಯೆಲ್ಲ ಮುಚ್ಚುವ, ಮುತ್ತು ಹೊಲಿದ ನಮ್ಮ ಸೀಮೆಯ ಹಳೇ ಹಿಜಾಜಿ ಉಡುಪಿನಲ್ಲಿ ಮದುಮಗಳನ್ನು ಕೂರಿಸಿ, ಆಳೆತ್ತರದ ಚಿತ್ರ ಮಾಡಿಸಿ ಹಜಾರದಲ್ಲಿ ತೂಗುಹಾಕಬೇಕು. ಒಂದು ಮನೆಯಲ್ಲಿ ಹಾಕಿದರೆ ಪಕ್ಕದ ಮನೆಯವಳಿಗೆ ನಿದ್ದೆ ಇಲ್ಲ. ವಿದಾದಳ ಫೋಟೋ ಅಷ್ಟು ದೊಡ್ಡದು ಮಾಡಿಸಿದ ಒಬ್ಬ ತಾಯಿ ಚಹಾ ಕುಡಿಯುತ್ತಾ ಎಲ್ಲರ ಮುಂದೆ ಅಂದಳು: "ಮುತ್ತೆಲ್ಲ ಬೇಯಿಸಿದ ಸಬ್ಬಕ್ಕಿ ಥರ ಕಾಣ್ತಿವೆ ಕಣೇ ವಿದಾದ್. ನಿನ್ನ ಆಟದ ಸಾಮಾನು ಇದಕ್ಕೆಲ್ಲ ಸಾಲದು." ವಿದಾದ್ ನಕ್ಕಳು. ಮನೆಗೆ ಬಂದವಳೇ ಎರಡೂ ಸಣ್ಣ ಕ್ಯಾಮೆರಾ ಒರೆಸಿ ಮಾರಲು ಪೆಟ್ಟಿಗೆಗೆ ಹಾಕಿದಳು.

ಹೊಸದರ ಹೆಸರು ಮೀಡಿಯಂ ಫಾರ್ಮ್ಯಾಟ್ ಅಂತೆ. ಕಪ್ಪಗೆ, ದಪ್ಪಗೆ, ಎತ್ತಿದರೆ ಮಣಿಕಟ್ಟು ಉಳುಕಬೇಕು. ಚಿತ್ರ ಹಿಡಿಯುವ ಒಳಗಿನ ಗಾಜು ಹಳೇದಕ್ಕಿಂತ ತುಂಬಾ ದೊಡ್ಡದು, ಅದಕ್ಕೇ ಏನನ್ನೂ ಬಿಡದೆ ಹಿಡಿಯುತ್ತದೆ ಅಂದಳು. ಅಂಗಡಿಯವನು ಇರುವೆಯ ಕಾಲು ಎಣಿಸಬಹುದು ಅಂದನಂತೆ. ಯಾರಿಗೆ ಬೇಕಾಗಿತ್ತು ಇರುವೆಯ ಕಾಲು? ಮೊದಲ ಪರೀಕ್ಷೆ ನನ್ನ ಮುಖದ ಮೇಲೇ ಆಯಿತು. ಕಂಪ್ಯೂಟರಿನಲ್ಲಿ ತೋರಿಸಿದಳು. ಮೂಗಿನ ಮೇಲೆ ಬಾವಿ ತೋಡಿದ ಹಾಗೆ ತೂತುಗಳು, ತುಟಿಯ ಮೇಲೆ ನಾನೇ ಅರಿಯದ ಮೀಸೆ, ಸುಕ್ಕಿನ ಸಂದಿಯಲ್ಲಿ ಮೆತ್ತಿಕೊಂಡ ಪೌಡರು. ನಾನು ಪರದೆಗೆ ಕೈ ಅಡ್ಡ ಇಟ್ಟೆ.

"ಅಳಿಸು ಇದನ್ನ," ಅಂದೆ.

"ಎಷ್ಟು ಚೆನ್ನಾಗಿದೆ ನೋಡೇ. ಒಂದೊಂದು ರೆಪ್ಪೆನೂ ಕಾಣತ್ತೆ."

"ನನ್ನ ಗಂಡ ಬದುಕಿದ್ದಾಗ ಅವನೂ ಇಷ್ಟು ಹತ್ತಿರ ಬಂದು ನೋಡಿರಲಿಲ್ಲ. ಅಳಿಸು ಅಂದ್ನಲ್ಲ."

ಅಳಿಸಿದಳು, ಮುಖ ಊದಿಸಿಕೊಂಡು. ಆ ಚಳಿಗಾಲ ಪೂರ್ತಿ ನಿಂಬೆಹಣ್ಣು, ಚಹಾ ಲೋಟ, ಪಕ್ಕದ ಮನೆ ಬೆಕ್ಕು ಇವುಗಳನ್ನೇ ತೆಗೆದು ತೆಗೆದು ಕಲಿತಳು. ಹಳೇ ಕೈಚಳಕ ಒಂದೂ ನಡೆಯಲಿಲ್ಲ. ಓಡಾಡುವ ಹಾಗಿಲ್ಲ, ಮೂರು ಕಾಲಿನ ಸ್ಟ್ಯಾಂಡು ನೆಟ್ಟು ನಿಲ್ಲಬೇಕು. ಕಣ್ಣು ಸ್ಪಷ್ಟವಾಗಿ ಬಂದರೆ ಕಿವಿ ಉಣ್ಣೆಯ ಉಂಡೆ. ಎರಡೂ ಬರಬೇಕು ಅಂದರೆ ಕಣ್ಣು ಕುಕ್ಕುವ ದೀಪ ಹಚ್ಚಬೇಕು. ಕುಣಿಯುವವರನ್ನು ಹಿಡಿಯುವುದಂತೂ ಕನಸು. ಮದುಮಗಳು ಕಲ್ಲಿನ ಹಾಗೆ ಕೂರಬೇಕು. ಇವಳು ತಲೆವಸ್ತ್ರ ಕಳಚಿ, ಕ್ಯಾಮೆರಾ ಪಕ್ಕ ನಿಂತು, ಒಂದು ಕೈ ಮೇಲೆತ್ತಿ "ನನ್ನ ಕೈ ನೋಡು, ಉಸಿರು ಹಿಡಿ" ಅನ್ನುತ್ತಿದ್ದಳು. ಮದುವೆಯೋ ಎಕ್ಸ್‌ರೇ ಕೋಣೆಯೋ ತಿಳಿಯುತ್ತಿರಲಿಲ್ಲ. ನನ್ನ ಪೌಡರು, ಕಾಡಿಗೆ ಎಲ್ಲ ಹೊಸದಾಗಿ ಕಲಿಯಬೇಕಾಯಿತು. ಆದರೂ ಜನ ಮುಗಿಬಿದ್ದರು. ಒಂದು ವರ್ಷದೊಳಗೆ ದೊಡ್ಡ ದೊಡ್ಡ ಮನೆಗಳ ಹಜಾರದಲ್ಲೆಲ್ಲ ವಿದಾದ್ ತೆಗೆದ ಮದುಮಗಳೇ.

ಹಾಗೆ ಬಂದದ್ದು ಉಮ್ಮ್ ಗಸ್ಸಾನಳ ಮನೆಯ ಕೆಲಸ. ಅವಳ ಮಗನಿಗೆ ಲುಜೈನ್ ಅನ್ನುವ ಹುಡುಗಿಯನ್ನು ತಂದುಕೊಳ್ಳುತ್ತಿದ್ದರು. ಮದರಂಗಿ ದಿನ ಮಧ್ಯಾಹ್ನ ಹುಡುಗಿಯ ಮನೆಯಲ್ಲಿ ಫೋಟೋ. ಉಮ್ಮ್ ಗಸ್ಸಾನ್ ತನ್ನ ಅಜ್ಜಿಯ ಹಿತ್ತಾಳೆ ಸಮಾವರನ್ನು ಮಗಳು ರಹಫಳ ಜೊತೆ ಕಳಿಸಿ, ಚಿತ್ರದಲ್ಲಿ ಅದು ಇರಲೇಬೇಕು ಅಂತ ಹೇಳಿಕಳಿಸಿದಳು. ನಾಲ್ಕು ಸಂಸಾರಕ್ಕೆ ಚಹಾ ಕಾಯಿಸುವಷ್ಟು ದೊಡ್ಡ ಹೊಟ್ಟೆಯ ಸಮಾವರ್. ಕಿಲುಬು ಹಿಡಿದಿತ್ತು. ನಿಂಬೆ, ಬೂದಿ ಹಾಕಿ ತಿಕ್ಕಿ ತಿಕ್ಕಿ ಬೆಳಗಿದವಳು ನಾನೇ. ವಿದಾದ್ ಎಂದಿನಂತೆ ಕನ್ನಡಿಗಳಿಗೆಲ್ಲ ದುಪ್ಪಟಿ ಹೊದಿಸಿದಳು, ಬೆನ್ನ ಹಿಂದೆ ಬನ್ನಿ ಅಂದಳು. ಆ ದೀಪಗಳ ಕಾವಿಗೆ ಏಸಿ ಸೋತು ಕೂತಿತ್ತು. ನಾನು ತೋಳಿಲ್ಲದ ಹತ್ತಿಯ ಗೌನಿನಲ್ಲಿ, ಕೂದಲು ಬಿಚ್ಚಿ, ಒಂದು ಕಾಲು ಸ್ಟೂಲಿನ ಮೇಲಿಟ್ಟು, ಗೌನನ್ನು ಮಂಡಿಯ ತನಕ ಎತ್ತಿಕೊಂಡು ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದೆ. ವಿದಾದಳ ಬೆನ್ನ ಹಿಂದೆ ತಾನೇ, ನನಗೇನು ಭಯ?

ಆಮೇಲೆ ವಿದಾದ್ ಆ ಚಿತ್ರವನ್ನು ತುಂಡು ತುಂಡಾಗಿ ತೆರೆದು ನೋಡಿದಳು. ಇಡಿಯಾಗಿ ತೆರೆದರೆ ಅವಳ ಹಳೇ ಕಂಪ್ಯೂಟರು ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಕೆನ್ನೆ ನೋಡಿದಳು, ರೆಪ್ಪೆ ನೋಡಿದಳು, ಒಂದೊಂದೇ ಮುತ್ತು ನೋಡಿದಳು. ಚಹಾ ಪಾತ್ರೆಯ ಹೊಟ್ಟೆಯನ್ನು ಯಾರು ನೋಡುತ್ತಾರೆ? ಅಚ್ಚು ಹಾಕಿಸಿ ಕೊಟ್ಟು, ಹುಡುಗಿಯ ತಾಯಿಯ ಕೈಯಿಂದ ಗುಂಡಿ ಒತ್ತಿಸಿ ಅಳಿಸಿದಳು.

ಮದುವೆ ಮುಗಿದು ಕೆಲವು ದಿನಕ್ಕೆ ನನ್ನ ತಮ್ಮ ಅದ್ನಾನ್ ಬಂದ. ಕೂರಲಿಲ್ಲ, ಚಹಾ ಬೇಡ ಅಂದ, ನನ್ನ ಮುಖ ನೋಡದೆ ಬಾಗಿಲ ಚಿಲಕ ನೋಡಿಕೊಂಡು ಮಾತಾಡಿದ.

"ಅಕ್ಕ, ನಿನ್ನೆ ಉಮ್ಮ್ ಗಸ್ಸಾನರ ಮನೇಲಿ ಗಂಡಸರ ಊಟ ಇತ್ತು. ಹಜಾರದಲ್ಲಿ ಆ ಹುಡುಗಿ ಚಿತ್ರ ಹಾಕಿದಾರೆ."

"ಹಾಕ್ಲಿ. ಏನೀಗ?"

"ಅದರಲ್ಲಿ ಸಮಾವರ್ ಇದೆ. ಸಮಾವರಲ್ಲಿ ನೀನಿದ್ದೀಯ."

ನನಗೆ ಅರ್ಥವೇ ಆಗಲಿಲ್ಲ. ಬಿಡಿಸಿ ಹೇಳಿದ. ಬೆಳಗಿದ ಹಿತ್ತಾಳೆಯ ಹೊಟ್ಟೆಯಲ್ಲಿ ನನ್ನ ಪ್ರತಿಬಿಂಬ, ಬೆರಳುದ್ದ ಇದ್ದೀನಂತೆ. ಗೌನು, ಕೂದಲು, ಕಾಲು, ಬೀಸಣಿಗೆ, ಎಲ್ಲ. ಮದುಮಗನ ಚಿಕ್ಕಪ್ಪ ಕನ್ನಡಕ ಏರಿಸಿ, ಮೂಗು ತಾಗುವಷ್ಟು ಬಗ್ಗಿ, "ಸಮಾವರೊಳಗೆ ಜಿನ್ ಭೂತ ಕೂತಿದೆ ಬನ್ರೋ, ಸೆಕೆ ಅಂತ ಗಾಳಿ ಹಾಕ್ಕೊಳ್ತಿದೆ" ಅಂದನಂತೆ. ಒಬ್ಬೊಬ್ಬನೇ ಎದ್ದು ಬಂದು ನೋಡಿದನಂತೆ. ಒಬ್ಬ ಫೋನಿನ ಬೆಳಕು ಬಿಟ್ಟು ನೋಡಿದನಂತೆ. ಗಡ್ಡ ನರೆತವರು, ಮೊಮ್ಮಕ್ಕಳನ್ನು ಕಂಡವರು, ತಟ್ಟೆಯಿಂದ ಎದ್ದ ಎಂಜಲು ಕೈಯಲ್ಲೇ ಬಂದು ಒಬ್ಬ ವಿಧವೆಯ ಮಂಡಿ ನೋಡಿ ಹಲ್ಲು ಕಿರಿದರು. ನೆನೆಸಿಕೊಂಡರೆ ಈಗಲೂ ಮೈಮೇಲೆ ಹುಳ ಹರಿದ ಹಾಗಾಗುತ್ತದೆ.

"ನೀನೇನು ಮಾಡಿದೆ?" ಅಂತ ಕೇಳಿದೆ.

"ಗೌನಿನ ಬಟ್ಟೆ ಗುರುತು ಸಿಕ್ತು. ಮದೀನಾದಿಂದ ನಾನೇ ತಂದುಕೊಟ್ಟಿದ್ದಲ್ವಾ. ಏನು ಮಾತಾಡ್ಲಿ, ಸುಮ್ಮನೆ ಊಟ ಮಾಡ್ದೆ."

"ಏನಿತ್ತು ಊಟಕ್ಕೆ?"

"ಸಲೀಗ್ ಅನ್ನ. ಕುರಿ ಮಾಂಸದ್ದು," ಅಂದ ಪುಣ್ಯಾತ್ಮ. ಪೂರ್ತಿ ತಿಂದು ಬಂದಿದ್ದ. ಅವನ ಮೇಲೂ ಅಸಹ್ಯ ಹುಟ್ಟಿತು.

ನೇರ ವಿದಾದಳ ಹತ್ತಿರ ಹೋದೆ. ಬೈಯಬೇಕು ಅಂತಲೇ ಹೋಗಿದ್ದೆ, ಬೈದೆ ಕೂಡ. ಬಣ್ಣವೇ ಇಳಿದುಹೋಯಿತು ಅವಳ ಮುಖದ್ದು.

"ಬೆನ್ನ ಹಿಂದೆ ಇದ್ದವಳನ್ನ ಎಲ್ಲರ ಮುಂದೆ ತಂದು ನಿಲ್ಲಿಸಿಬಿಟ್ಟೆನಲ್ಲೇ," ಅಂದಳು. "ಏಳು. ಇಳಿಸಿಸೋಣ ಅದನ್ನ. ಅದು ಆ ಗೋಡೆ ಮೇಲಿದ್ದರೆ ನಾನು ಇನ್ನು ಯಾರಿಗೂ ಬೆನ್ನ ಹಿಂದೆ ಬನ್ನಿ ಅನ್ನೋ ಹಾಗಿಲ್ಲ."

ಉಮ್ಮ್ ಗಸ್ಸಾನ್ ನಮ್ಮನ್ನು ಹಜಾರದಲ್ಲೇ ಕೂರಿಸಿದಳು. ಅದೇ ಸಮಾವರಿನಿಂದ ಚಹಾ ಬಗ್ಗಿಸಿ ನನ್ನ ಮುಂದಿಟ್ಟಳು. ನಾನು ಮುಟ್ಟಲಿಲ್ಲ. ಎದುರಿಗೆ ಗೋಡೆಯಲ್ಲಿ ನಾನಿದ್ದೆ, ಕಾಲೆತ್ತಿಕೊಂಡು. ವಿದಾದ್ ಸಮಾಧಾನದಿಂದ ಎಲ್ಲ ಹೇಳಿದಳು. ತಪ್ಪು ತನ್ನದು, ಇನ್ನೊಮ್ಮೆ ಹೊಸದಾಗಿ ತೆಗೆದುಕೊಡುತ್ತೇನೆ, ಕಾಸು ಬೇಡ, ಸದ್ಯ ಇದನ್ನು ಇಳಿಸಿ ಅಂದಳು.

"ಅಯ್ಯೋ, ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀಯ?" ಅಂದಳು ಉಮ್ಮ್ ಗಸ್ಸಾನ್. "ಹುಡುಗಿ ಎಷ್ಟು ಚೆಂದ ಬಂದಿದಾಳೆ. ಗುರುವಾರ ಮತ್ತೆ ನೆಂಟರು ಬರ್ತಾರೆ, ಖಾಲಿ ಗೋಡೆ ತೋರಿಸ್ಲಾ?"

"ಖಾಲಾ, ಗಂಡಸರು ನೋಡಿ ನಕ್ಕಿದಾರೆ," ಅಂದಳು ವಿದಾದ್.

"ನಗೋರು ಎಲ್ಲಾದ್ರೂ ನಗ್ತಾರೆ. ಅಲ್ಲ, ಅದರಲ್ಲಿ ಇರೋದು ಯಾರು ಹೇಳು? ನಮ್ಮನೆ ಹೆಣ್ಣುಮಕ್ಕಳಾಗಿದ್ರೆ ಮಾತು ಬೇರೆ. ಹಯಾತ್ ತಾನೆ? ಬೇಜಾರು ಮಾಡ್ಕೋಬೇಡ ಹಯಾತ್, ನೀನು ಉಡಿಸೋಕೆ ಬಂದವಳು. ನಿನ್ನ ಗುರುತು ಯಾರಿಗಿದೆ?"

ಅವಳು ಇದನ್ನು ಸಿಟ್ಟಿನಲ್ಲಿ ಹೇಳಿದ್ದರೂ ತಡೆದುಕೊಳ್ಳುತ್ತಿದ್ದೆ. ನನ್ನ ಮೊಣಕೈ ಸವರುತ್ತಾ, ಖರ್ಜೂರದ ತಟ್ಟೆ ಮುಂದೆ ತಳ್ಳುತ್ತಾ ಹೇಳಿದಳು. ಅವಳ ಮೂರು ಹೆಣ್ಣುಮಕ್ಕಳ ಮೈ ಗುರುತು, ಯಾರ ಬೆನ್ನಿನ ಮೇಲೆ ಮಚ್ಚೆ ಇದೆ ಅನ್ನುವುದು, ಉಡಿಸಿದ ನನಗೆ ಗೊತ್ತು. ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ. ನನಗೆ ಮಾತ್ರ ಮೈಯೇ ಇಲ್ಲ ಅನ್ನುವ ಹಾಗೆ ಮಾತಾಡಿದಳು.

ವಿದಾದ್ ಲೋಟ ಕೆಳಗಿಟ್ಟಳು. ಎದ್ದು ಚಿತ್ರದ ಹತ್ತಿರ ಹೋಗಿ ಲುಜೈನಳ ಮುಖವನ್ನೇ ನೋಡುತ್ತಾ ನಿಂತಳು.

"ಖಾಲಾ, ಅವತ್ತು ರಹಫ್ ಬಂದಿದ್ದಳಲ್ಲ, ಸಮಾವರ್ ತಗೊಂಡು?"

"ಹೂಂ, ನಾನೇ ಕಳಿಸಿದ್ದು."

"ಕೂದಲು ಬಿಟ್ಟುಕೊಂಡಿದ್ದಳು ಅಲ್ವಾ?"

"ಹೆಂಗಸರ ನಡುವೆ ಇನ್ನೇನು ಕಟ್ಕೊಂಡಿರ್ತಾಳಾ? ಯಾಕೆ?"

"ಏನಿಲ್ಲ. ಇಲ್ಲಿ ಬಂದು ಸ್ವಲ್ಪ ಮದುಮಗಳ ಕಣ್ಣೊಳಗೆ ನೋಡಿ."

ಉಮ್ಮ್ ಗಸ್ಸಾನ್ ಬಂದಳು. ಕಣ್ಣು ಕಿರಿದು ಮಾಡಿ ನೋಡಿದಳು. ನಾನೂ ನೋಡಿದೆ. ಲುಜೈನಳ ಕಪ್ಪು ಕಣ್ಣಿನ ನಡುವೆ ದೀಪದ ಬಿಳಿ ಚೌಕ, ಅದರ ಪಕ್ಕ ಒಂದು ಹೆಣ್ಣಿನ ಆಕಾರ. ಕಡಲೆ ಕಾಳಿನಷ್ಟು. ಮುಖ ಗೊತ್ತಾಗದು, ಆದರೆ ಬಿಚ್ಚಿದ ಕೂದಲು ಭುಜದ ಮೇಲೆ, ಒಂದು ಕೈ ಮೇಲೆ.

"ಇದು ರಹಫಾ?" ಅಂದಳು ಉಮ್ಮ್ ಗಸ್ಸಾನ್.

"ದೊಡ್ಡ ಕ್ಯಾಮೆರಾ ಖಾಲಾ. ಯಾರನ್ನೂ ಬಿಡಲ್ಲ ಅದು. ಹೋಗ್ಲಿ ಬಿಡಿ, ನಗೋರು ಎಲ್ಲಾದ್ರೂ ನಗ್ತಾರೆ."

ನಾವು ಚಪ್ಪಲಿ ಮೆಟ್ಟಿಕೊಳ್ಳುವುದರೊಳಗೆ ಚಿತ್ರ ಗೋಡೆಯಿಂದ ಇಳಿದಿತ್ತು. ಕೆಲಸದವಳನ್ನೂ ಕಾಯದೆ ಉಮ್ಮ್ ಗಸ್ಸಾನ್ ತಾನೇ ಕುರ್ಚಿ ಹತ್ತಿ ಎಳೆದಳು. ಚೌಕಟ್ಟಿನ ಮೂಲೆ ಬಡಿದು ಗಾರೆ ಉದುರಿತು. ಒಳಗೆ ರಹಫಳನ್ನು ಕೂಗಿ ಕೂಗಿ ಕರೆಯುತ್ತಿದ್ದಳು.

ಬೀದಿಗೆ ಬಂದ ಮೇಲೆ ನಾನು ವಿದಾದಳ ತೋಳು ಹಿಡಿದು ನಿಲ್ಲಿಸಿದೆ.

"ರಹಫ್ ಆವಾಗ ಅಡುಗೆಮನೇಲಿ ಕೂತು ಖರ್ಜೂರದ ಮಾಮೂಲ್ ಬಿಸ್ಕತ್ತು ತಿಂತಿದ್ದಳು. ಆ ಕೋಣೆಗೆ ಕಾಲೇ ಇಟ್ಟಿರಲಿಲ್ಲ. ಕಣ್ಣಲ್ಲಿ ಇದ್ದದ್ದು ಯಾರೇ?"

"ನಾನು," ಅಂದಳು. "ಯಾವ ಮದುಮಗಳ ಕಣ್ಣಲ್ಲೂ ನಾನೇ ಇರೋದು. ಅವರೆಲ್ಲ ನನ್ನನ್ನೇ ತಾನೆ ನೋಡ್ತಾ ಕೂತಿರ್ತಾರೆ. ಸಣ್ಣ ಕ್ಯಾಮೆರಾದಲ್ಲಿ ಬರೀ ಒಂದು ಚುಕ್ಕೆ ಕಾಣ್ತಿತ್ತು. ರೆಪ್ಪೆ ನೋಡ್ತಿದ್ದೆ, ಕಣ್ಣೊಳಗೆ ನೋಡಿರಲಿಲ್ಲ. ನನಗೂ ಈಗಲೇ ಗೊತ್ತಾಗಿದ್ದು."

ಆ ವರ್ಷ ಅವಳು ಚಿತ್ರ ತೆಗೆದುಕೊಟ್ಟ ಮನೆಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ಒಂದೊಂದು ಹಜಾರದಲ್ಲೂ ವಿದಾದ್ ಕೂದಲು ಬಿಚ್ಚಿ, ಕೈ ಎತ್ತಿ ನಿಂತಿದ್ದಾಳೆ.

"ಹಂಗಾದ್ರೆ ಆ ಮನೆಗಳಿಗೂ ಹೋಗೋಣ ನಡಿ," ಅಂದೆ. "ಎಲ್ಲ ಇಳಿಸಿಸೋಣ."

"ಏನಂತ ಹೇಳ್ಲಿ?" ಅಂದಳು ವಿದಾದ್, ತಲೆವಸ್ತ್ರ ಇನ್ನಷ್ಟು ಬಿಗಿದುಕೊಳ್ಳುತ್ತಾ. "ಅದರಲ್ಲಿ ಇರೋದು ನಾನು ಅಂದರೆ ಯಾರೂ ಇಳಿಸಲ್ಲ ಕಣೇ."

ಬೀದಿಯಲ್ಲಿ ಉಗುಳುವ ಚಾಳಿ ನನಗಿಲ್ಲ. ಅವತ್ತು ಆ ಮನೆಯ ಬಾಗಿಲ ಕಡೆ ತಿರುಗಿ ಉಗುಳಿದೆ.