ತಲೆಕೆಳಗಾಗಿ ಹಿಡಿದ ಪುಟ

೧೯೯೭ರ ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಶೇಷಪ್ಪ ಕಂಪ್ಯೂಟರಿನ ಪರದೆಗೆ ಉಕ್ಕಿನ ಅಳತೆಪಟ್ಟಿ ಒತ್ತಿ ಹಿಡಿದು ಒಂದು ಕಾಲಂನ ಅಗಲ ಅಳೆಯುತ್ತಿದ್ದರು.

ಶಿವಮೊಗ್ಗದ ವಿನೋಬನಗರದಲ್ಲಿ, ಒಂದು ಮನೆಯ ಮಹಡಿಯ ಎರಡು ಕೋಣೆಗಳಲ್ಲಿ ಆ ಕಚೇರಿ ಇತ್ತು. ಕನ್ನಡದಲ್ಲಿ ಪತ್ರಿಕೆಯ ಪುಟ ಕಟ್ಟುವ ಸಾಫ್ಟ್‌ವೇರ್ ಅಲ್ಲಿ ತಯಾರಾಗುತ್ತಿತ್ತು. ಕಚೇರಿಯ ಮಾಲೀಕ ವಿಜಯಕುಮಾರ್ ಎಂಜಿನಿಯರು. ಅಕ್ಷರಗಳನ್ನು ಸಾಲಾಗಿ, ಸಾಲುಗಳನ್ನು ಕಾಲಂಗಳಾಗಿ ಇಳಿಸುವ ಭಾಗವನ್ನು ಬರೆಯುತ್ತಿದ್ದವರು ಶೀಲಾ. ಗಣಿತದಲ್ಲಿ ಬಿ.ಎಸ್ಸಿ. ಮಾಡಿದ್ದ ಅವರಿಗೆ ಆಗ ಇಪ್ಪತ್ತೈದು ವರ್ಷ.

"ಶೇಷಪ್ಪನೋರೆ, ಗಾಜಿನ ಮೇಲೆ ಅಳೆದ್ರೆ ಲೆಕ್ಕ ಸಿಗಲ್ಲ. ನೋಡಿ," ಎಂದು ಶೀಲಾ ಒಂದು ಗುಂಡಿ ಒತ್ತಿದರು. ಅಳತೆಪಟ್ಟಿಯ ಕೆಳಗೇ ಕಾಲಂ ಒಂದೂವರೆ ಪಟ್ಟು ಹಿಗ್ಗಿತು.

ಶೇಷಪ್ಪ ಪಟ್ಟಿಯನ್ನು ಜೇಬಿಗಿಟ್ಟರು. "ಹಂಗಾದ್ರೆ ಕಾಗದದ ಮೇಲೆ ಬರಲಿ ಮೇಡಂ. ಅದನ್ನ ಎಳೆದ್ರೆ ಹರಿಯುತ್ತೆ, ಹಿಗ್ಗಲ್ಲ."

ಭದ್ರಾವತಿಯ ಹಳೇನಗರದ ಒಂದು ಮುದ್ರಣಾಲಯದಲ್ಲಿ ಅವರು ಇಪ್ಪತ್ತೊಂಬತ್ತು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿದ್ದರು. ಮುದ್ರಣಾಲಯದ ಒಡೆಯ ಏಕಾಂತಪ್ಪ ಅಲ್ಲಿಂದ ಒಂದು ವಾರಪತ್ರಿಕೆ ತರುತ್ತಿದ್ದರು. ಮೊಳೆಗಳು ಸವೆದಿದ್ದವು, ಹೊಸದಾಗಿ ಎರಕ ಹೊಯ್ದು ಕೊಡುವವರು ಉಳಿದಿರಲಿಲ್ಲ. ಆದ್ದರಿಂದ ಏಕಾಂತಪ್ಪ ಕಂಪ್ಯೂಟರ್ ತರಲು ತೀರ್ಮಾನಿಸಿದ್ದರು. ಬೆಂಗಳೂರಿನ ಒಬ್ಬ ಮಾರಾಟಗಾರ ತನ್ನ ಸಾಫ್ಟ್‌ವೇರಿನ ಜೊತೆಗೆ ಅದನ್ನು ಬಲ್ಲ ಇಬ್ಬರು ಕೆಲಸಗಾರರನ್ನೂ ಕಳಿಸುವುದಾಗಿ ಹೇಳಿದ್ದ. ವಿನೋಬನಗರದವರು, ನಿಮ್ಮಲ್ಲಿರುವವರಿಗೇ ಕಲಿಸಿಕೊಡುತ್ತೇವೆ ಎಂದಿದ್ದರು. ಎರಡೂ ಕಡೆಯವರು ಶುಕ್ರವಾರ ಒಂದೊಂದು ಮಾದರಿ ಪುಟ ತರಬೇಕು, ಯಾವುದು ಒಪ್ಪಿಗೆಯಾಗುತ್ತದೋ ಅದು. ಬೆಂಗಳೂರಿನದು ಒಪ್ಪಿಗೆಯಾದರೆ ಐವತ್ತೊಂದು ವರ್ಷದ ಶೇಷಪ್ಪನಿಗೆ ಅಲ್ಲಿ ಮಾಡಲು ಏನೂ ಉಳಿಯುತ್ತಿರಲಿಲ್ಲ. ಏಕಾಂತಪ್ಪ ಇದನ್ನು ಮುಚ್ಚಿಡದೆ ಹೇಳಿ, ಒಂದು ವಾರ ಶಿವಮೊಗ್ಗಕ್ಕೆ ಹೋಗಿ ಅವರಿಗೆ ಬೇಕಾದ್ದು ಹೇಳಿಕೊಡು ಎಂದು ಕಳಿಸಿದ್ದರು.

ಶೇಷಪ್ಪ ದಿನವೂ ಭದ್ರಾವತಿಯ ಹೊಸಮನೆ ಬಡಾವಣೆಯಿಂದ ಎಂಟೂವರೆಯ ಬಸ್ಸಿಗೆ ಹೊರಡುತ್ತಿದ್ದರು. ಸಂಜೆ ಮನೆಗೆ ಬಂದಾಗ ಹೆಂಡತಿ ದ್ಯಾಮಮ್ಮ ಮೊದಲು ನೋಡುತ್ತಿದ್ದದ್ದು ಅವರ ಕೈಯನ್ನು.

"ಇಪ್ಪತ್ತೊಂಬತ್ತು ವರ್ಷ ಮಸಿ ಕೈಲೇ ಬಂದ್ರಿ. ಈಗ ನೋಡಿದ್ರೆ ಸಾಹೇಬ್ರ ಕೈ. ಕೆಲ್ಸ ಮಾಡಿದ್ರೋ ತುಂಗೇಲಿ ಈಜಾಡಿ ಬಂದ್ರೋ, ನಾನ್ ಹೆಂಗ್ ನಂಬ್ಲಿ?"

"ಸುಮ್ನಿರು ಮಾರಾಯ್ತಿ. ಇವತ್ತು ಪರದೆ ಮುಟ್ಟಿದ್ದಕ್ಕೆ ಒರೆಸಿ ಅಂತ ಬಟ್ಟೆ ಕೊಟ್ರು."

ಕಾಲಂಗಳ ಬಗ್ಗೆ ಅವರು ಹೇಳಿದ್ದನ್ನೆಲ್ಲ ಶೀಲಾ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಕಾಲಂನ ತಳದಲ್ಲಿ ಶೀರ್ಷಿಕೆಯೊಂದೇ ನಿಲ್ಲಬಾರದು, ಅದರ ಕೆಳಗೆ ಕನಿಷ್ಠ ಎರಡು ಸಾಲು ಇರಬೇಕು. ಒಂದು ಪ್ಯಾರಾದ ಕೊನೆಯ ಸಾಲು ಒಂಟಿಯಾಗಿ ಮುಂದಿನ ಕಾಲಂನ ನೆತ್ತಿಗೆ ಹೋಗಬಾರದು. ಇಂಥವನ್ನು ಪ್ರೋಗ್ರಾಮಿಗೆ ಸೇರಿಸುವುದು ಕಷ್ಟವಾಗಲಿಲ್ಲ. ಸೋಮವಾರ ಹೇಳಿದ್ದು ಮಂಗಳವಾರ ಕೆಲಸ ಮಾಡುತ್ತಿತ್ತು.

ತೊಡಕು ಬಂದದ್ದು ಮಂಗಳವಾರ ಮಧ್ಯಾಹ್ನ, ನಾಲ್ಕು ಕಾಲಂನ ಮೊದಲ ಪೂರ್ತಿ ಪುಟ ಮುದ್ರಣವಾಗಿ ಬಂದಾಗ. ಕಚೇರಿಯ ಪ್ರಿಂಟರಿಗೆ ಅಷ್ಟು ದೊಡ್ಡ ಹಾಳೆ ಹಿಡಿಸುತ್ತಿರಲಿಲ್ಲವಾದ್ದರಿಂದ ಪುಟವನ್ನು ಎರಡು ತುಂಡಾಗಿ ತೆಗೆದು ಗೋಂದಿನಿಂದ ಅಂಟಿಸಿದ್ದರು. ಶೇಷಪ್ಪ ಅದನ್ನು ಕಿಟಕಿಯ ಬೆಳಕಿಗೆ ಒಯ್ದು ತಲೆಕೆಳಗಾಗಿ ಹಿಡಿದರು.

ವಿಜಯಕುಮಾರ್ ನಕ್ಕರು. "ಶೇಷಪ್ಪ, ಉಲ್ಟಾ ಹಿಡ್ಕೊಂಡಿದ್ದೀರಿ ಮಾರಾಯ್ರೆ."

"ಓದೋಕೆ ಹಿಡ್ಕೊಂಡಿಲ್ಲ ಸಾರ್. ನೋಡೋಕೆ."

ಮೊಳೆ ಜೋಡಿಸುವವರು ಕೈಯಲ್ಲಿ ಹಿಡಿದ ಸ್ಟಿಕ್ಕು ಎಂಬ ಸಣ್ಣ ಲೋಹದ ತಟ್ಟೆಯಲ್ಲಿ ಸಾಲನ್ನು ತಲೆಕೆಳಗಾಗಿಯೇ ಕಟ್ಟುತ್ತಾರೆ. ಶೇಷಪ್ಪನ ಕಣ್ಣಿಗೆ ಅದೇ ರೂಢಿ. ಅಲ್ಲದೆ ಪುಟವನ್ನು ನೆಟ್ಟಗೆ ಹಿಡಿದರೆ ಮನಸ್ಸು ಸುದ್ದಿಯ ಹಿಂದೆ ಹೋಗುತ್ತದೆ. ತಿರುಗಿಸಿ ಹಿಡಿದರೆ ಅರ್ಥ ಬಿಟ್ಟುಹೋಗಿ ಕಪ್ಪು ಬಿಳುಪು ಮಾತ್ರ ಕಾಣುತ್ತದೆ.

"ಮೇಡಂ, ಇಲ್ಲಿ ಬನ್ನಿ. ಮೊದಲ್ನೇ ಕಾಲಂನ ಸಾಲು ಎರಡನೇದರ ಸಾಲಿನ ಪಕ್ಕಕ್ಕೆ ಇಲ್ಲ, ಸಂದಿಗಿದೆ. ಮೂರನೇದು ಇನ್ನೂ ಕೆಳಗೆ ಹೋಗಿದೆ."

ಶೀಲಾ ಹಾಳೆಯನ್ನು ತಿರುಗಿಸಿ ಹಿಡಿದು ನೋಡಿದರು. ಅದು ನಿಜವಾಗಿತ್ತು, ಕಾರಣವೂ ಅವರಿಗೆ ತಕ್ಷಣ ಹೊಳೆಯಿತು. ಅವರ ಪ್ರೋಗ್ರಾಮು ಪ್ರತಿ ಸಾಲಿಗೂ ಅದರ ಅಕ್ಷರಗಳಿಗೆ ಬೇಕಾದಷ್ಟೇ ಎತ್ತರ ಕೊಡುತ್ತಿತ್ತು. ಒತ್ತಕ್ಷರ ಹೆಚ್ಚಿದ್ದರೆ ಸಾಲು ಕೆಳಕ್ಕೆ ಬೆಳೆಯುತ್ತಿತ್ತು, ಇಲ್ಲದಿದ್ದರೆ ಕುಗ್ಗುತ್ತಿತ್ತು. ಜಾಗ ಉಳಿಯುತ್ತದೆಂದು ಮೂರು ತಿಂಗಳು ಕುಳಿತು ಹೀಗೆ ಮಾಡಿದ್ದರು.

"ಸೀಸದಲ್ಲಿ ಒತ್ತು ಇರಲಿ ಬಿಡಲಿ, ಮೊಳೆ ಮೈ ಎತ್ತರ ಒಂದೇ," ಎಂದರು ಶೇಷಪ್ಪ. "ನಾಲ್ಕು ಕಾಲಂನ ಸಾಲೂ ಹೆಗಲಿಗೆ ಹೆಗಲು ಕೊಟ್ಟು ನಿಲ್ತಾವೆ."

ಶೀಲಾ ಮೂರು ತಿಂಗಳ ಕೆಲಸವನ್ನು ಬುಧವಾರ ತೆಗೆದುಹಾಕಿದರು. ಪುಟಕ್ಕೆಲ್ಲ ಸಮದೂರದ ಕಾಣದ ಗೆರೆಗಳನ್ನು ಎಳೆದು, ಯಾವ ಕಾಲಂನ ಸಾಲಾದರೂ ಆ ಗೆರೆಯ ಮೇಲೆಯೇ ಕೂರುವಂತೆ ಮಾಡಿದರು. ಗೆರೆಯಿಂದ ಗೆರೆಗೆ ಎಷ್ಟು ದೂರ ಎಂದು ಕೇಳಿದಾಗ ಶೇಷಪ್ಪ ಯೋಚಿಸಲೂ ಇಲ್ಲ. ಹನ್ನೆರಡು ಪಾಯಿಂಟಿನ ಮೊಳೆ, ಸಾಲುಗಳ ನಡುವೆ ಎರಡು ಪಾಯಿಂಟಿನ ಸೀಸದ ಪಟ್ಟಿ, ಒಟ್ಟು ಹದಿನಾಲ್ಕು. ಇಂಚಿಗೆ ಎಪ್ಪತ್ತೆರಡು ಪಾಯಿಂಟು. ಹದಿನಾಲ್ಕು ಇಂಚಿನ ಕಾಲಂನಲ್ಲಿ ಎಪ್ಪತ್ತೆರಡು ಸಾಲು.

ಗುರುವಾರ ಬೆಳಿಗ್ಗೆ ಮುದ್ರಿಸಿದ ಪುಟದಲ್ಲಿ ಸಾಲುಗಳು ಹೆಗಲಿಗೆ ಹೆಗಲು ನಿಂತಿದ್ದವು. ಆದರೆ ಹತ್ತೊಂಬತ್ತು ಕಡೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಗುಲಿತ್ತು. ಈ ತಪ್ಪು ಶೇಷಪ್ಪನದು. ಸೀಸದ ಹನ್ನೆರಡು ಪಾಯಿಂಟಿನಲ್ಲಿ ಒತ್ತೂ ಸೇರಿ ಇಡೀ ಅಕ್ಷರ ಮೊಳೆಯ ಮೈಯೊಳಗೇ ಇರುತ್ತದೆ. ಕಂಪ್ಯೂಟರಿನ ಅಕ್ಷರದ ಹೆಸರೂ ಹನ್ನೆರಡು ಪಾಯಿಂಟೇ, ಆದರೆ ಅದರ ಒತ್ತು ಆ ಎಲ್ಲೆ ದಾಟಿ ಕೆಳಗಿಳಿಯುತ್ತಿತ್ತು. ಅವರು ಅದನ್ನು ಅಳೆಯದೆ, ರೂಢಿಯ ಮೇಲೆ ಹೇಳಿದ್ದರು.

"ನಾನು ಅಳೀಬೇಕಿತ್ತು," ಎಂದರು. ಅಷ್ಟೇ ಹೇಳಿ ಹೊಸ ಹಾಳೆ ಕೇಳಿದರು. ಅಕ್ಷರವನ್ನೇ ಸಣ್ಣದು ಮಾಡೋಣವೇ ಎಂದು ವಿಜಯಕುಮಾರ್ ಕೇಳಿದ್ದಕ್ಕೆ ಆಗದೆಂದು ತಲೆಯಾಡಿಸಿದರು. ಆ ಪತ್ರಿಕೆ ಓದುತ್ತಿದ್ದವರಲ್ಲಿ ಹೆಚ್ಚಿನವರು ಕಾರ್ಖಾನೆಗಳಿಂದ ನಿವೃತ್ತರಾದವರು. ಸಣ್ಣ ಅಕ್ಷರ ಬೇಡವೆಂದು ಏಕಾಂತಪ್ಪ ಮೊದಲೇ ಹೇಳಿದ್ದರು.

ಅವರ ಸೂಚನೆಯಂತೆ ಶೀಲಾ ಒಂದು ಸಾಲಿನ ತುಂಬ 'ರಾಷ್ಟ್ರ' ಎಂದೂ ಅದರ ಕೆಳಗಿನ ಸಾಲಿನ ತುಂಬ 'ಕೀರ್ತಿ' ಎಂದೂ ಟೈಪ್ ಮಾಡಿದರು. ಮೇಲಿನದರಲ್ಲಿ ಒತ್ತಿನ ಕೆಳಗೆ ಒತ್ತು, ಕೆಳಗಿನದರಲ್ಲಿ ತಲೆಯ ಮೇಲೆ ಗುಡಿಸು. ಇದಕ್ಕಿಂತ ಇಕ್ಕಟ್ಟಾದ ಜೋಡಿ ಬರುವುದಿಲ್ಲ ಎಂದು ಶೇಷಪ್ಪ ಹೇಳಿದರು. ಹದಿನಾಲ್ಕರಿಂದ ಶುರುಮಾಡಿ ಕಾಲು ಕಾಲು ಪಾಯಿಂಟು ಹೆಚ್ಚಿಸುತ್ತ ಜೋಡಿಯನ್ನು ಮುದ್ರಿಸಿದರು. ಶೇಷಪ್ಪ ಪ್ರತಿಯೊಂದನ್ನೂ ತಿರುಗಿಸಿ, ಭೂತಗನ್ನಡಿ ಇಟ್ಟು ನೋಡಿದರು. ಏಳನೆಯ ಹಾಳೆಯಲ್ಲಿ ಎರಡು ಸಾಲುಗಳ ನಡುವೆ ಕೂದಲೆಳೆಯಷ್ಟು ಬಿಳುಪು ಉಳಿದಿತ್ತು. ಅವರು ಅಂಕಿಯನ್ನು ಗಟ್ಟಿಯಾಗಿ ಹೇಳಿದರು, ಶೀಲಾ ಬರೆದುಕೊಂಡರು. ಆಗ ಮಧ್ಯಾಹ್ನ ಮೂರು ನಲವತ್ತು.

ವಿಜಯಕುಮಾರ್ ಕ್ಯಾಲ್ಕುಲೇಟರ್ ಒತ್ತಿ ನೋಡಿದರು. ಕಾಲಂಗೆ ಅರವತ್ತೈದೇ ಸಾಲು.

"ಏಳು ಸಾಲು ಹೋಗುತ್ತೆ. ಏಕಾಂತಪ್ಪನೋರು ಒಪ್ಪಲ್ಲ," ಎಂದರು. "ಒಂದು ಕೆಲ್ಸ ಮಾಡೋಣ. ನಾಳೆ ಹದಿನಾಲ್ಕರಲ್ಲೇ ತೋರ್ಸೋಣ. ಒತ್ತು ತಗಲೋ ಪದ ತೆಗೆದು ಬೇರೆ ಹಾಕಿ. ಆಮೇಲೆ ಸರಿ ಮಾಡ್ಕೊಂಡ್ರಾಯ್ತು. ನಿಮ್ಮ ಕೆಲಸಾನೂ ಉಳಿಯುತ್ತೆ."

ಶೇಷಪ್ಪ ಹಾಳೆಗಳನ್ನು ಜೋಡಿಸುತ್ತಿದ್ದರು. "ಒಂದು ವಾರ ರಾಷ್ಟ್ರ ಇಲ್ದೆ ಪತ್ರಿಕೆ ತರಬಹುದು ಸಾರ್. ಎರಡನೇ ವಾರ ಏನ್ ಮಾಡ್ತೀರಿ?"

ಶೀಲಾ ಏಳನೆಯ ಹಾಳೆಯ ಅಂಕಿಯಲ್ಲೇ ಪುಟವನ್ನು ಮುದ್ರಣಕ್ಕೆ ಕೊಟ್ಟರು. ವಿಜಯಕುಮಾರ್ ತಡೆಯಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಏಕಾಂತಪ್ಪನ ಮೇಜಿನ ಮೇಲೆ ಎರಡು ಪುಟಗಳಿದ್ದವು. ಬೆಂಗಳೂರಿನವನು ಬೆಳಿಗ್ಗೆಯೇ ತನ್ನದನ್ನು ಕೊಟ್ಟು ಹೋಗಿದ್ದ. ಶೇಷಪ್ಪನ ಜೊತೆ ಶೀಲಾ ಬಂದಿದ್ದರು. ಏಕಾಂತಪ್ಪ ಎರಡರ ಸಾಲುಗಳನ್ನೂ ಪೆನ್ಸಿಲಿನ ತುದಿಯಿಂದ ಎಣಿಸಿದರು.

"ಅವನದು ಎಪ್ಪತ್ತೆರಡು. ನಿಂದು ಅರವತ್ತೈದು. ಏನಪ್ಪ ಶೇಷಪ್ಪ, ವಾರಪೂರ್ತಿ ಬಸ್ ಚಾರ್ಜ್ ಇಸ್ಕೊಂಡು ಏಳು ಸಾಲು ಕಳ್ಕೊಂಡು ಬಂದ್ಯಾ?"

"ಹೌದು ಯಜಮಾನ್ರೆ. ಕಾಲಂಗೆ ಏಳು, ಪುಟಕ್ಕೆ ಇಪ್ಪತ್ತೆಂಟು. ಅದಕ್ಕಿಂತ ಕಮ್ಮಿ ಆಗಲ್ಲ."

"ಅವನು ಒಂದೂ ಹೋಗಲ್ಲ ಅಂದ."

"ಅವನ ಪುಟ ತಿರುಗಿಸಿ ಹಿಡೀರಿ."

ಏಕಾಂತಪ್ಪನೂ ಹದಿನೆಂಟನೆಯ ವಯಸ್ಸಿನಿಂದ ಮೊಳೆ ಮುಟ್ಟಿದವರೇ. ತಿರುಗಿಸಿ ಹಿಡಿದರು. ಬೆಂಗಳೂರಿನ ಪುಟದಲ್ಲಿ ತಗುಲಿದ್ದ ಒತ್ತುಗಳನ್ನು ಸಣ್ಣ ಬ್ಲೇಡಿನಿಂದ ಕೆರೆದು ತೆಗೆದ ಗುರುತುಗಳಿದ್ದವು. ಅವರು ಎಣಿಸುತ್ತ ಹೋಗಿ ಹದಿನಾಲ್ಕಕ್ಕೆ ನಿಲ್ಲಿಸಿದರು.

"ಪ್ರತಿ ವಾರ ಕೆರೆಯೋಕೆ ಯಾರನ್ನ ಕೂರಿಸ್ಲಿ?" ಎಂದರು, ಯಾರಿಗೆಂದಿಲ್ಲದೆ. ಶೇಷಪ್ಪ ತಂದ ಪುಟವನ್ನು ಹತ್ತಿರ ಎಳೆದುಕೊಂಡು, "ಏಳು ಅಂತ ಗೊತ್ತಿದ್ರೆ ಏಳು ಸಾಲು ಕಮ್ಮಿ ಬರೀರಯ್ಯ ಅಂತ ವರದಿಗಾರರಿಗೆ ಹೇಳಬಹುದು. ಅವರು ಉದ್ದ ಬರಿಯೋದೂ ಜಾಸ್ತಿ ಆಗಿತ್ತು," ಎಂದರು. ಆಮೇಲೆ ಶೀಲಾ ಕಡೆ ತಿರುಗಿ, "ಇವನಿಗೆ ಕಲ್ಸೋಕೆ ಎಷ್ಟು ದಿನ ಬೇಕಮ್ಮ?" ಎಂದು ಕೇಳಿದರು.

"ಅರ್ಧ ಕಲ್ತಿದ್ದಾರೆ. ಇನ್ನರ್ಧ ನಾನು ಅವರ ಹತ್ರ ಕಲೀಬೇಕು," ಎಂದರು ಶೀಲಾ.

ಶೇಷಪ್ಪ ಅದೇ ಮುದ್ರಣಾಲಯದಲ್ಲಿ ಇನ್ನೂ ಒಂಬತ್ತು ವರ್ಷ, ೨೦೦೬ರವರೆಗೆ, ಪುಟ ಕಟ್ಟಿದರು. ಶೀಲಾ ಮುಂದಿನ ಆವೃತ್ತಿಯಲ್ಲಿ ಒಂದು ಗುಂಡಿ ಸೇರಿಸಿದರು. ಅದನ್ನು ಒತ್ತಿದರೆ ಪರದೆಯ ಮೇಲೆ ಇಡೀ ಪುಟ ತಲೆಕೆಳಗಾಗುತ್ತಿತ್ತು. ಇದು ಯಾಕೆಂದು ತಿಳಿಯದ ಗಿರಾಕಿಗಳು ಕಂಪ್ಯೂಟರ್ ಕೆಟ್ಟಿದೆಯೆಂದು ವಿನೋಬನಗರಕ್ಕೆ ಫೋನ್ ಮಾಡುತ್ತಿದ್ದರು. ಶೇಷಪ್ಪ ಮಾತ್ರ ಪ್ರತಿ ಪುಟಕ್ಕೂ ಅದನ್ನು ಒತ್ತುತ್ತಿದ್ದರು, ಒತ್ತುವ ಮುಂಚೆ ಕೈ ಒರೆಸಿಕೊಳ್ಳುತ್ತಿದ್ದರು.

ಅವರಿಂದ ಕೆಲಸ ವಹಿಸಿಕೊಳ್ಳಲು ಬಂದ ಕವನ ಎಂಬ ಹುಡುಗಿ ಮೊದಲ ದಿನವೇ ಒಂದು ಪ್ರಶ್ನೆ ಕೇಳಿದಳು. ಕನ್ನಡದ ಹೊಸ ಪುಟ ತೆರೆದಾಗಲೆಲ್ಲ ಸಾಲಿನ ದೂರ ಎಂಬ ಚೌಕದಲ್ಲಿ ಒಂದು ಅಂಕಿ ತಾನಾಗಿಯೇ ಬಂದು ಕೂರುತ್ತದಲ್ಲ, ಅದನ್ನು ಯಾರು ಹಾಕಿದ್ದು? ಕಂಪ್ಯೂಟರಿನಲ್ಲೇ ಬಂದಿರಬೇಕು ಎಂದು ಆಕೆ ಅಂದುಕೊಂಡಿದ್ದಳು. ಶೇಷಪ್ಪ ಚೌಕದ ಅಂಕಿಯನ್ನು ಬದಲಾಯಿಸಬೇಡ ಎಂದರು ಅಷ್ಟೇ. ಅದು ಆ ಗುರುವಾರ ಮೂರು ನಲವತ್ತಕ್ಕೆ ಅವರು ಭೂತಗನ್ನಡಿ ಕೆಳಗಿಟ್ಟು ಗಟ್ಟಿಯಾಗಿ ಹೇಳಿದ್ದ ಅಂಕಿ: "ಹದಿನೈದೂವರೆ."