ಮೊಳೆಯ ಮೇಲಿನ ನೂಲು

ಗಂಜಿ ಹಾಕಿದ ನೂಲಿಗೆ ಹಳಸಿದ ಅನ್ನದಂಥ ಒಂದು ಹುಳಿ ವಾಸನೆ ಇರುತ್ತದೆ. ಮೊನ್ನೆ ಶುಕ್ರವಾರ ಬೆಳಿಗ್ಗೆ ಸಜ್ಜೆಯ ಮೇಲಿಂದ ಹಳೆಯ ಬಿಸ್ಕತ್ ಡಬ್ಬಿ ಇಳಿಸಿ ಮುಚ್ಚಳ ತೆಗೆದಾಗ ಆ ವಾಸನೆ ಮುಖಕ್ಕೆ ಬಡಿಯಿತು. ಪೆರಿಯನಾಯಕನಪಾಳ್ಯದ ಈ ಮನೆಯಲ್ಲಿ ಮಗ್ಗವೂ ಇಲ್ಲ, ನೂಲೂ ಇಲ್ಲ. ಆದರೂ ಹಿಂದೆ ಯಾರೋ ನಿಂತು ನನ್ನ ಸೊಂಟದ ಸುತ್ತ ಕೈ ತರುತ್ತಿದ್ದಾರೆ ಅನ್ನಿಸಿತು. ತೋಳೆರಡನ್ನೂ ತುಸು ಎತ್ತಿ, ಉಸಿರು ಬಿಗಿಹಿಡಿದು ನಿಂತುಬಿಟ್ಟೆ. ಅಳತೆ ಕೊಡುವಾಗ ಹಾಗೆ ನಿಂತು ನಿಂತು ಅಭ್ಯಾಸವಾಗಿತ್ತು...

ಆಗ ನಾನು ಕೊಯಮತ್ತೂರಿನ ಬಳಿಯ ಕರುಮತ್ತಂಪಟ್ಟಿಯಲ್ಲಿದ್ದೆ. ಚಿತ್ರದುರ್ಗದಿಂದ ಬಂದು ಒಂದು ಗಾರ್ಮೆಂಟಿನಲ್ಲಿ ಬಟ್ಟೆ ತಪಾಸಣೆಯ ಕೆಲಸಕ್ಕೆ ಸೇರಿದ್ದೆ. ನನ್ನದು ಮಹಡಿಯ ಮೇಲಿನ ಬಾಡಿಗೆ ಕೋಣೆ. ಕೆಳಗಡೆ ಮನೆಯೊಡತಿ, ಹಿಂದಿನ ಶೆಡ್ಡಿನಲ್ಲಿ ಅವರ ನಾಲ್ಕು ವಿದ್ಯುತ್ ಮಗ್ಗ. ಅವರ ಪೂರ್ವಿಕರು ಯಾವ ಕಾಲದಲ್ಲೋ ಕನ್ನಡ ನಾಡಿನಿಂದ ಬಂದು ನೆಲೆ ನಿಂತ ನೇಕಾರರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಮನೆಮಾತು ಮಾತ್ರ ತಮಿಳು ಬೆರೆತ ಕನ್ನಡ. ನಾನು ಅವರನ್ನು ಅಮ್ಮ ಎನ್ನುತ್ತಿದ್ದೆ. ಅವರಿಗೆ ನಾನು ‘ಕಣ್ಣು’.

ನನಗೆ ಮೂವತ್ತೈದಕ್ಕೇ ಸಕ್ಕರೆ ಕಾಯಿಲೆ ಬಂದಿತ್ತು. ಹೆತ್ತಮ್ಮನ ಎರಡು ಕಾಲ್ಬೆರಳನ್ನು ಅದೇ ಕಾಯಿಲೆ ತಿಂದದ್ದನ್ನು ಕಣ್ಣಾರೆ ಕಂಡವಳು ನಾನು. ತೂಕ ಇಳಿಸಿದರೆ ಮಾತ್ರೆ ಬಿಡಬಹುದು, ಇಲ್ಲದಿದ್ದರೆ ನಿಮ್ಮ ತಾಯಿಯ ದಾರಿಯೇ ಎಂದರು ಡಾಕ್ಟರು. ತೂಕದ ಯಂತ್ರ ಕೊಂಡೆ, ಅನ್ನ ಅರ್ಧ ಮಾಡಿದೆ, ನಸುಕಿನಲ್ಲೆದ್ದು ನಡೆದೆ. ಎರಡು ತಿಂಗಳಾದರೂ ಮುಳ್ಳು ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಾ ಕೂತೆ. ನಾಳೆಯಿಂದ ನಡೆಯುವುದಿಲ್ಲ ಎಂದೆ.

“ತರಾಸ್ನ ನಂಬಬ್ಯಾಡ ಕಣ್ಣು,” ಎಂದರು ಮನೆಯೊಡತಿ ಅಮ್ಮ, ತೂಕದ ಯಂತ್ರವನ್ನು ನನ್ನ ಮಡಿಲಿಂದ ಎತ್ತಿಕೊಳ್ಳುತ್ತಾ. “ಮಳೆಗಾಳಿ ಬೀಸಿದ್ರೆ ನೂಲೇ ಜಾಸ್ತಿ ತೂಗ್ತದೆ. ಅದಕ್ಕೇಂತ ನೂಲು ಬೆಳೆದ್ಬುಡ್ತದಾ?”

ಯಂತ್ರ ಅವರ ಮಂಚದ ಕೆಳಗೆ ಸೇರಿತು. ಆ ಶುಕ್ರವಾರ ಶೆಡ್ಡಿನ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, ಗಂಜಿ ಹಾಕಿ ಒಣಗಿಸಿದ ನೂಲೊಂದನ್ನು ಸೊಂಟಕ್ಕೆ ಸುತ್ತಿ, ಅಳತೆಗೆ ಕತ್ತರಿಸಿದರು. ಗಂಜಿ ನೂಲು ಎಳೆದರೂ ಹಿಗ್ಗುವುದಿಲ್ಲ, ಅದಕ್ಕೇ ಅದು. ಆಮೇಲೆ ತಮ್ಮ ಸೊಂಟಕ್ಕೂ ಒಂದು ಸುತ್ತಿಕೊಂಡರು. ಎರಡನ್ನೂ ಜೋಡಿಸಿ ಹಿಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇಬ್ಬರೂ ನಕ್ಕೆವು. ನಾಳೆಯಿಂದ ನಡೆಯಲು ನಾನೂ ಬರುತ್ತೇನೆ ಎಂದರು.

ಅವರ ಮನೆಯಲ್ಲಿ ಒಂದು ನಂಬಿಕೆಯಿತ್ತು. ಮೈ ಅಳೆದ ನೂಲನ್ನು ಬಿಸಾಡಬಾರದು, ಅಳತೆ ಕೊಟ್ಟವರು ಅದನ್ನು ಮುಟ್ಟಲೂಬಾರದು. ಹಾಗಾಗಿ ಪ್ರತಿ ಶುಕ್ರವಾರ ಅಳೆದ ನೂಲನ್ನು ಅವರು ದೇವರಮನೆಗೆ ಒಯ್ದು, ತುದಿಗೆ ಗಂಟು ಹಾಕಿ ತಂದು, ಶೆಡ್ಡಿನ ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದರು. ನಾನು ದೂರದಿಂದ ನೋಡುವುದಷ್ಟೇ.

ಮೂರನೆಯ ವಾರಕ್ಕೆ ನೂಲು ಗಿಡ್ಡವಾಯಿತು. ಐದನೆಯದಕ್ಕೆ ಇನ್ನೂ ಗಿಡ್ಡ. “ಕೊಂಜ ಕೊಂಜ ಇಳೀತದೆ, ನೋಡು,” ಎನ್ನುತ್ತಿದ್ದರು. ನನಗೆ ರೆಕ್ಕೆ ಬಂದ ಹಾಗಾಯಿತು. ಚೂಡಿದಾರ ಮಾತ್ರ ಮೊದಲಿನಷ್ಟೇ ಬಿಗಿಯಾಗಿತ್ತು. ಹತ್ತಿ ಬಟ್ಟೆಯಲ್ಲವಾ, ಒಗೆದರೆ ಕುಗ್ಗುತ್ತದೆ ಎಂದರು ಅವರು. ಹೊಟ್ಟೆಪಾಡಿಗೆ ಬಟ್ಟೆಯನ್ನೇ ತಪಾಸಣೆ ಮಾಡುವ ನಾನು ಅದನ್ನೂ ನಂಬಿದೆ! ಒಂದು ಶುಕ್ರವಾರ ನೂಲು ಒಮ್ಮೆಗೇ ಎರಡು ಬೆರಳು ಇಳಿದಿತ್ತು. ಖುಷಿ ತಡೆಯಲಾರದೆ ಅವರ ಎರಡೂ ಕೈ ಹಿಡಿದು ಕುಣಿದೆ. ಆ ಕೈಗಳು ತಣ್ಣಗಿದ್ದವು. ಅವತ್ತಿನ ನೂಲಿಗೆ ಅವರು ಒಂದರ ಬದಲು ಎರಡು ಗಂಟು ಹಾಕಿದರು.

ಅಷ್ಟರಲ್ಲಿ ಏನೋ ಬದಲಾಗಿತ್ತು... ಏನೆಂದು ಆಗ ತಿಳಿಯಲಿಲ್ಲ. ಮೊದಮೊದಲು ನಸುಕಿನ ಸೋಮನೂರು ರಸ್ತೆಯಲ್ಲಿ ನನ್ನ ಹಿಂದೆ ಅವರ ಚಪ್ಪಲಿ ಟಪ್ ಟಪ್ ಎಂದು ಜೋರಾಗಿ ಕೇಳುತ್ತಿತ್ತು. ಬರಬರುತ್ತಾ ಸದ್ದು ಸಣ್ಣದಾಯಿತು, ಕಡೆಗೆ ನಿಂತೇಹೋಯಿತು. ಹಿಂದುಳಿದರೇನೋ ಎಂದು ತಿರುಗಿದರೆ ಒಂದು ಮಾರು ದೂರದಲ್ಲೇ ಇರುತ್ತಿದ್ದರು, ನಗುತ್ತಾ. ತೂಕವೇ ಇಲ್ಲದವರು ನಡೆದ ಹಾಗೆ. ಶೆಡ್ಡಿನಲ್ಲಿ ಕರೆಂಟು ಹೋಗಿ ನಾಲ್ಕೂ ಮಗ್ಗ ನಿಂತು, ಗಾಳಿಯೂ ಆಡದಿದ್ದಾಗ, ಮೊಳೆಯ ಮೇಲಿನ ನೂಲುಗಳು ಮಾತ್ರ ಮೆಲ್ಲಗೆ ತೂಗುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಅವರ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ನನಗೆ, ಹೇಳಲು ನಾಚಿಕೆ, ಹೊಟ್ಟೆಕಿಚ್ಚಾಯಿತು.

“ಅಮ್ಮ, ನೀವು ನನಗಿಂತ ಬೇಗ ಇಳೀತಾ ಇದ್ದೀರಲ್ಲ, ಏನು ಮಾಡ್ತೀರಿ?” ಎಂದು ಕೇಳಿಯೇಬಿಟ್ಟೆ.

“ನಿನ್ ಕೂಡ ನಡೀತೀನಲ್ಲ ಕಣ್ಣು, ಅದೇ,” ಎಂದರು.

ಒಂದು ಶುಕ್ರವಾರ ಅಳತೆಗೆಂದು ಕೆಳಗಿಳಿದರೆ ಮನೆಗೆ ಬೀಗ. ಕೊಯಮತ್ತೂರಿನ ಆಸ್ಪತ್ರೆಗೆ ಸೇರಿಸಿದ್ದರು. ಮುಂದಿನ ಶುಕ್ರವಾರದ ಹೊತ್ತಿಗೆ ಅವರು ಇರಲಿಲ್ಲ. ಹೊಟ್ಟೆಯೊಳಗಿನ ಗಂಟು ತಿಂಗಳುಗಳಿಂದ ಅವರನ್ನು ಒಳಗೊಳಗೇ ಕರಗಿಸಿತ್ತು.

ಕಾರ್ಯ ಮುಗಿದ ಮೇಲೆ, ಅವಿನಾಶಿಗೆ ಮದುವೆಯಾಗಿ ಹೋಗಿದ್ದ ಅವರ ಮಗಳು ಈ ಡಬ್ಬಿಯನ್ನು ನನ್ನ ಕೈಗಿಟ್ಟಳು. ಒಳಗೆ ಎರಡು ಕಟ್ಟು ನೂಲು, ಒಂದಕ್ಕೆ ನೀಲಿ ದಾರ, ಇನ್ನೊಂದಕ್ಕೆ ಕೆಂಪು ದಾರ.

“ನೀಲೀದು ನಿಮ್ದು ಅಕ್ಕಾ. ಸೆಗಪ್ಪು ಅಮ್ಮಂದು,” ಎಂದಳು. ಅವಳಿಗೆ ನನ್ನ ಮುಖ ನೋಡಲಾಗಲಿಲ್ಲ. “ಮೊಳೆ ಮ್ಯಾಲೆ ಇದ್ದದ್ದು ಈ ಸೆಗಪ್ಪು. ನಿಮ್ದು ಇಳೀಲೇ ಇಲ್ಲಾಂತ ಗೊತ್ತಾದ್ರೆ ನಡಿಯೋದ ಬಿಟ್ಬುಡ್ತೀರಾಂತ, ಅಮ್ಮ ಅವ್ರ ನೂಲ್ನೇ ತೂಗಾಕ್ತಿದ್ರು.”

ನೀಲಿ ಕಟ್ಟಿನ ನೂಲುಗಳೆಲ್ಲ ಹೆಚ್ಚುಕಡಿಮೆ ಒಂದೇ ಉದ್ದ, ಕೊನೆಯ ನಾಲ್ಕೈದು ಮಾತ್ರ ಅರ್ಧ ಬೆರಳು ಗಿಡ್ಡ. ಕೆಂಪು ಕಟ್ಟಿನ ಕೊನೆಯ ನೂಲನ್ನು ಸೊಂಟಕ್ಕೆ ಸುತ್ತಿದೆ. ಎರಡು ತುದಿಗಳ ನಡುವೆ ಒಂದು ಗೇಣಿಗೂ ಹೆಚ್ಚು ಜಾಗ ಉಳಿಯಿತು. ನಾನು ಪ್ರತಿ ಶುಕ್ರವಾರ ಕಣ್ತುಂಬ ನೋಡಿ ಹಿಗ್ಗಿದ್ದು ಅವರ ಸಾವನ್ನು. ಅದಕ್ಕೇ ಕುಣಿದದ್ದು. ಬಹಳ ದಿನ ನನಗೆ ಅನ್ನ ಸೇರಲಿಲ್ಲ. ಅವರ ಮೇಲೆ ಸಿಟ್ಟೂ ಬಂತು. ಆದರೆ ನಡೆಯುವುದನ್ನು ಬಿಡಲಾಗಲಿಲ್ಲ. ಅಷ್ಟು ದೊಡ್ಡ ಸುಳ್ಳನ್ನು ದಂಡ ಮಾಡುವುದು ಹೇಗೆ?

ಈಗ ಎರಡು ವರ್ಷ. ಊರು ಬದಲಾಯಿತು, ಕೆಲಸ ಬದಲಾಯಿತು. ಮೇಟ್ಟುಪಾಳ್ಯಂ ರಸ್ತೆಯ ಬದಿಯಲ್ಲಿ ಈಗಲೂ ನಸುಕಿಗೆ ನಡೆಯುತ್ತೇನೆ, ಈಗಲೂ ಹಿಂದೆ ತಿರುಗಿ ನೋಡುತ್ತೇನೆ. ತೂಕ ಇಳಿದದ್ದು ಬಸವನಹುಳುವಿನ ಹಾಗೆ, ಕೆಲವು ತಿಂಗಳು ಅದೂ ಇಲ್ಲ. ಕಳೆದ ತಿಂಗಳು ಡಾಕ್ಟರು ಮಾತ್ರೆ ನಿಲ್ಲಿಸಿದರು. ಅದಕ್ಕೇ ಮೊನ್ನೆ ಡಬ್ಬಿ ಇಳಿಸಿದ್ದು.

ಕೆಂಪು ಕಟ್ಟಿನಿಂದ ಒಂದೊಂದೇ ನೂಲು ತೆಗೆದು ಸುತ್ತಿಕೊಳ್ಳುತ್ತಾ ಹೋದೆ. ಎರಡು ಗಂಟಿನ ನೂಲಿನ ತುದಿಗಳು ಹೊಕ್ಕುಳ ಮೇಲೆ ಸರಿಯಾಗಿ ಒಂದನ್ನೊಂದು ಮುಟ್ಟಿದವು. ಅವರ ಸುಳ್ಳು ಕಡೆಗೂ ನಿಜವಾಗಿತ್ತು. ಅದರ ಕೆಳಗೆ ಇನ್ನೂ ಒಂಬತ್ತು ನೂಲುಗಳಿದ್ದವು, ಒಂದಕ್ಕಿಂತ ಒಂದು ಗಿಡ್ಡ. ಅವನ್ನು ನಾನು ಮುಟ್ಟಲಿಲ್ಲ.

“ಅಮ್ಮ, ನೋಡಿ,” ಎಂದು ತಿರುಗಿದೆ. ಹಿಂದೆ ಯಾರೂ ಇರಲಿಲ್ಲ.