ಜೆಡ್ಡಾ ಮೂರೇ ಗಂಟೆ

ಮದ್ದೂರಿನಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಜಲಾಲನಿಗೆ ಮಳವಳ್ಳಿ ಬಹಳ ದೂರದ ಊರು. ಬಸ್ಸಿನಲ್ಲಿ ಒಂದು ಗಂಟೆಯೂ ಹಿಡಿಯದು, ನಿಜ. ಆದರೆ ಅಲ್ಲಿ ಅವನ ಅಕ್ಕ ಸುಲ್ತಾನ್ ಬೀ ಇದ್ದಳು. ಅವಳ ಮಗ ಸುಹೇಲನ ಮದುವೆಯಲ್ಲಿ ಸ್ವಂತ ಸೋದರಮಾವನನ್ನು ಮೂರನೇ ಪಂಕ್ತಿಗೆ ಕೂರಿಸಿ, ಬಿರಿಯಾನಿಯ ತಳ ಕೆರೆದು ಬಡಿಸಿದ್ದರು. ಅಂದಿನಿಂದ ಮಾತು ಬಂದ್. ಒಂದು ತುಂಡು ಮಾಂಸಕ್ಕೆ ಎಂಟು ವರ್ಷ ಮುನಿಸಿಕೊಂಡಿರಲು ಎಂಥ ಛಲ ಬೇಕು ನೋಡಿ!

ಈಗ ಸುಲ್ತಾನ್ ಬೀ ಮಗನೊಂದಿಗೆ ಉಮ್ರಾ ಯಾತ್ರೆಗೆ ಹೊರಟಿದ್ದಳು. ಮೆಕ್ಕಾಗೆ ಹೋಗುವವರು ಮೊದಲು ನೆಂಟರಿಷ್ಟರ ಮನೆಗಳಿಗೆ ಹೋಗಿ, ತಪ್ಪಾಗಿದ್ದರೆ ಮಾಫ್ ಮಾಡಿ ಎಂದು ಕೇಳಿಕೊಳ್ಳುವುದು ರೂಢಿ. ಅವಳು ಬಂದಳು. ಜಲಾಲ್ ಹಿತ್ತಲ ಬಾಗಿಲಿನಿಂದ ಜಾರಿಕೊಂಡ. ಕೇಳಿದ ಕೂಡಲೇ ಮಾಫ್ ಮಾಡಿಬಿಟ್ಟರೆ ಎಂಟು ವರ್ಷದ ಸಿಟ್ಟಿಗೆ ಮರ್ಯಾದೆ ಬೇಡವೇ? ಇನ್ನೊಮ್ಮೆ ಬರಲಿ ಎಂದುಕೊಂಡ. ಅವಳಿಗೆ ಪುರುಸೊತ್ತಾಗಲಿಲ್ಲ. ಏರ್‌ಪೋರ್ಟಿನಿಂದ ಫೋನ್ ಮಾಡಿದಳು, ಇವನು ಎತ್ತಲಿಲ್ಲ.

ಸುಹೇಲ್ ನೆಂಟರೆಲ್ಲ ಇದ್ದ ವಾಟ್ಸಾಪ್ ಗ್ರೂಪಿಗೆ ಟಿಕೆಟ್ಟಿನ ಫೋಟೊ ಹಾಕಿದ್ದ. ಬೆಂಗಳೂರು ಬಿಡುವುದು ಮಧ್ಯಾಹ್ನ ಎರಡಕ್ಕೆ, ಜೆಡ್ಡಾ ಸೇರುವುದು ಐದಕ್ಕೆ. ಜಲಾಲ್ ಟೀ ಅಂಗಡಿಯಲ್ಲಿ ಲೆಕ್ಕ ಒಪ್ಪಿಸಿದ.

"ನಾಕು ಸಾವಿರ ಕಿಲೋಮೀಟ್ರು, ಮೂರೇ ಗಂಟೆ!"

"ಇಲ್ಲಿಂದ ಏರ್‌ಪೋರ್ಟಿಗೆ ಓಗಕ್ಕೇ ಮೂರು ಗಂಟೆ ಕಣ್ಲಾ," ಎಂದ ಅಂಗಡಿಯ ಚಿಕ್ಕಬೋರಯ್ಯ.

ಐದಾಯಿತು. ಅಕ್ಕನ ಫೋನಿಲ್ಲ. ಇವನೇ ಮಾಡಿದರೆ ಅವಳದೂ ಸ್ವಿಚ್ ಆಫ್, ಸುಹೇಲನದೂ ಸ್ವಿಚ್ ಆಫ್. ಆರಾಯಿತು.

"ಮೂರೇ ಗಂಟೆ ಅಂದ್ಯಲ್ಲ, ಇನ್ನೂ ಯಾಕ್ಲಾ ಇಳ್ದಿಲ್ಲ?" ಎಂದ ಚಿಕ್ಕಬೋರಯ್ಯ. ಕೇಳಬಾರದಿತ್ತು.

ಜಲಾಲ್ ಮತ್ತೆ ಎರಡೂ ನಂಬರು ಒತ್ತಿದ, ಎರಡೂ ಸ್ವಿಚ್ ಆಫ್. ವಿಮಾನ ಸಮುದ್ರಕ್ಕೆ ಬಿದ್ದಿರಬೇಕು. ಮನೆ ಬಾಗಿಲಿಗೆ ಬಂದು ಮಾಫಿ ಕೇಳಿದವಳನ್ನು ಬರಿಗೈಯಲ್ಲಿ ಕಳಿಸಿದ್ದೆನಲ್ಲ! ಜನ ನೋಡುತ್ತಿದ್ದಾರೆಂಬುದನ್ನೂ ಮರೆತು ವಾಯ್ಸ್ ಮೆಸೇಜಿನ ಗುಂಡಿ ಒತ್ತಿ, ಫೋನಿಗೆ ಬಾಯಿಟ್ಟು ಗೊಳೋ ಎಂದು ಅತ್ತ.

"ಆಪಾ, ಮಾಫ್ ಮಾಡಿವ್ನಿ. ನೀನೂ ಮಾಡ್ಬುಡು. ಬಿರಿಯಾನಿ ಮನೆ ಹಾಳಾಗ್ಲಿ, ನೀನು ಬದ್ಕಿರು ಸಾಕು!"

ದೀಪ ಹತ್ತಿ ಎಷ್ಟೋ ಹೊತ್ತಿನ ಮೇಲೆ, ಏಳೂವರೆ ದಾಟಿದ ಮೇಲೆ, ಫೋನ್ ಬಂತು.

"ಈಗ ಇಳಿದ್ವಿ ಕಣೋ. ಇಲ್ಲಿನ್ನೂ ಐದು ಗಂಟೆ."

"ಐದಾ?"

"ಇಲ್ಲಿ ಹೊತ್ತು ನಿಧಾನ ಕಣೋ, ನಿನ್ನಂಗೇ."

ಆ ದೇಶದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ ಎಂಬುದು ಟೀ ಅಂಗಡಿಯ ಯಾವ ಪಂಡಿತನಿಗೂ ಹೊಳೆದಿರಲಿಲ್ಲ. ಜಲಾಲನಿಗೆ ಜೀವ ಬಂತು. ಜೀವದ ಹಿಂದೆಯೇ ಮಾನದ ಚಿಂತೆಯೂ ಬಂತು.

"ಆಪಾ, ಆ ಮೆಸೇಜು ಅಳಿಸ್ಬುಡು."

"ನಂಗೆಲ್ಲಿ ಕಳಿಸಿದ್ದೀಯ? ಗ್ರೂಪಿಗೆ ಹಾಕಿದ್ದೀಯ. ನೆಂಟರೆಲ್ಲ ಕೇಳವ್ರೆ."

ಆ ಕಡೆ ಅಕ್ಕ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

"ವಾಪಸ್ ಬಂದ್ಮೇಲೆ ಮನೇಲಿ ದಾವತ್ ಊಟ ಐತೆ. ಮಳವಳ್ಳಿಗೆ ಬತ್ತೀಯೇನೋ?"

ಅವನು ಲುಂಗಿಯ ಅಂಚಿನಿಂದ ಮೂಗು ಒರೆಸಿಕೊಂಡ.

"ಮೊದಲ್ನೇ ಪಂಕ್ತಿ ಆದ್ರೆ ಬತ್ತೀನಿ."